ಚೇಂಬರ್ ತುಂಬಿದೆ

(ಪ್ಯಾರೀಸ್ ಕಾರ್ನರ್. ಉಡುಪಿ ಹೋಟೆಲು. ಹೊರಗೆ ಐಪ್ಪಸಿ ಮಳೆ.)

ಮಾಣಿ: ಭಟ್ರೇ, ಚೇಂಬರ್ ತುಂಬಿದೆ!

ಭಟ್ರು: ತುಂಬದೆ ಇರ್ತದಾ? ವರ್ತಕರ ವಾರ್ಷಿಕ ಸಭೆಯಲ್ವಾ!

ಮಾಣಿ: ಅದಲ್ಲ, ಬಾಗಿಲೆದುರಿನ ಚರಂಡಿ ಚೇಂಬರು.

ಭಟ್ರು: ಓ, ಅದಾ! ಮದರಾಸಿನಲ್ಲಿ ವಾಣಿಜ್ಯದ ಚೇಂಬರು 1836ರಿಂದ ಉಂಟು ಮಾರಾಯ.

ಮಾಣಿ: ವಾಸನೆ ನೋಡಿದ್ರೆ ಇದು ಇನ್ನೂ ಹಳೇದು.

ಭಟ್ರು: ಅದು ಬಿಳಿ ದೊರೆಗಳದ್ದು. ನಮ್ಮವರದ್ದು ಅಂತ ಆದದ್ದು 1909ರಲ್ಲಿ, ತ್ಯಾಗರಾಯ ಚೆಟ್ಟಿಯವರ ಕಾಲಕ್ಕೆ.

ಮಾಣಿ: ನಮ್ಮ ಬೀದಿಯ ಸಂಘಕ್ಕೆ ಹೇಳಿ ಮತ್ತೆ. ಇಡ್ಲಿ ತಿನ್ನುವವರು ಮೂಗು ಮುಚ್ಚಿಕೊಂಡಿದ್ದಾರೆ.

ಭಟ್ರು: ಹೇಳಿದೆ. 'ಸುಗಮ ಹರಿವು' ಅಂತ ಗೋಷ್ಠಿ ಇಟ್ಟಿದ್ದಾರೆ.

ಮಾಣಿ: ನೀರಿನದ್ದಾ?

ಭಟ್ರು: ಬಂಡವಾಳದ್ದು. ನಮಗೆ ನೂರು ಕಾಫಿ ಆರ್ಡರು.

ಮಾಣಿ: ದುಡ್ಡು?

ಭಟ್ರು: ನಾನೂ ಸದಸ್ಯನಲ್ವಾ? ಸೇವಾರ್ಥ.

ಮಾಣಿ: (ಡಬರಾ ಎತ್ತಿ) ಯಾವ ಚೇಂಬರಿಗೆ ಸುರೀಲಿ?