ಮಿಕ್ಸಿಂಗಲ್ಲಿ ನೋಡ್ಕೊಳವ ಬುಡಿ

ಮುತ್ತತ್ತಿಗೆ ಹೋಗುವವರು ಹಲಗೂರಿನಲ್ಲಿ ಹೆದ್ದಾರಿ ಬಿಟ್ಟು ಕಾಡಿನ ದಾರಿ ಹಿಡಿಯುತ್ತಾರಲ್ಲ, ಆ ಸೀಮೆಯ ಊರುಗಳಲ್ಲಿ ಇವನು ಸಿಕ್ಕೇ ಸಿಗುತ್ತಾನೆ. ಗೊಬ್ಬರದ ಅಂಗಡಿಯ ಮಹಡಿಯಲ್ಲೋ ಜೆರಾಕ್ಸ್ ಅಂಗಡಿಯ ಹಿಂದುಗಡೆಯೋ ಹತ್ತಡಿಗೆ ಹತ್ತಡಿಯ ಒಂದು ಕೋಣೆ. ಬೋರ್ಡಿನಲ್ಲಿ ದಪ್ಪ ಅಕ್ಷರದ ‘ಡಿಜಿಟಲ್ ರೆಕಾರ್ಡಿಂಗ್ ಸ್ಟುಡಿಯೋ’, ಅದರಡಿ ಸಣ್ಣಗೆ ‘ಮದುವೆ ವಿಡಿಯೋ, ಶಾಮಿಯಾನ, ಪಾಸ್‌ಪೋರ್ಟ್ ಫೋಟೋ’. ಹೆಸರು ಏನಾದರೂ ಇರಲಿ, ಊರವರ ಬಾಯಲ್ಲಿ ಇವನು ಎಕೋ ಅಣ್ಣ.

ಗಿರಾಕಿಗಳಲ್ಲಿ ಹೆಚ್ಚಿನವರು ಮುತ್ತತ್ತಿರಾಯನ, ಅಂದರೆ ಅಲ್ಲಿಯ ಹನುಮಂತನ ಒಕ್ಕಲು. ಹಿಂದೆಲ್ಲ ಹರಕೆ ಫಲಿಸಿದರೆ ಮಗನಿಗೆ ದೇವರ ಹೆಸರಿಡುತ್ತಿದ್ದರು. ರಾಜ್‌ಕುಮಾರ್ ಮುತ್ತುರಾಜ ಆಗಿದ್ದು ಹಾಗೆಯೇ. ಈಗಿನವರು ಯೂಟ್ಯೂಬಿಗೆ ಹಾಡು ಬಿಡುತ್ತಾರೆ. ಸಾಹಿತ್ಯ ಪಂಚಾಯ್ತಿಯ ಮಾಜಿ ಮೆಂಬರದು, ರಾಗ ಸಂಯೋಜನೆ ಅವರದೇ, ದುಡ್ಡೂ ಅವರದೇ. ಆದ್ದರಿಂದ ಹಾಡುವವರು ಯಾರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಎಕೋ ಅಣ್ಣ ಮೊದಲು ಗೋಡೆ ತೋರಿಸುತ್ತಾನೆ. ನಾಲ್ಕೂ ಕಡೆ ಮೊಟ್ಟೆ ಟ್ರೇ ಅಂಟಿಸಿದೆ. “ಒಂದು ಸೊಳ್ಳೆ ಸದ್ದೂ ಒಳಕ್ಕೆ ಬರಕಿಲ್ಲ ಗೌಡ್ರೆ.” ಸೊಳ್ಳೆ ಬರುವುದಿಲ್ಲ ನಿಜ, ಕೆಳಗಿನ ಗೊಬ್ಬರದ ಲಾರಿ ಧಾರಾಳವಾಗಿ ಬರುತ್ತದೆ. ಸದ್ದನ್ನು ತಡೆಯುವುದಕ್ಕೆ ಗೋಡೆಗೆ ತೂಕ ಬೇಕು. ರಟ್ಟು ಎಷ್ಟು ಅಂಟಿಸಿದರೂ ರಟ್ಟೇ. ಆ ಕೋಣೆಯಲ್ಲಿ ನಿಜವಾಗಿ ದುಡಿಯುತ್ತಿರುವುದು ಶಾಮಿಯಾನದ ಜಮಖಾನಗಳು. ಬೇರೆ ಜಾಗವಿಲ್ಲದೆ ಮೂಲೆಯಲ್ಲಿ ನೇತುಹಾಕಿದ ಆ ದಪ್ಪ ಬಟ್ಟೆಗಳು ಧ್ವನಿ ಗೋಡೆಯಿಂದ ಗೋಡೆಗೆ ಪುಟಿಯದಂತೆ ಹೀರಿಕೊಳ್ಳುತ್ತವೆ. ಆದರೆ ದೊಡ್ಡ ಗಿರಾಕಿ ಬಂದಾಗ ಇವನು ನಾಚಿಕೊಂಡು ಅವನ್ನೇ ಮೊದಲು ಹೊರಗೆ ಸಾಗಿಸುತ್ತಾನೆ.

ಮೈಕು 48 ವೋಲ್ಟಿನ ಕಂಡೆನ್ಸರ್. ಕಿಟಕಿಯಾಚೆ ಕಾಗೆ ಕೂಗಿದರೂ ಬಿಡದೆ ಹಿಡಿಯುತ್ತದೆ. ಅದರ ಮುಂದೆ ಉಸಿರಿನ ಬಡಿತ ತಡೆಯಲು ಕಸೂತಿಯ ರಿಂಗಿಗೆ ಬಿಗಿದ ತೆಳು ಬಟ್ಟೆ. ಇಷ್ಟು ಮಾತ್ರ ಅಪ್ಪಟ ಶಾಸ್ತ್ರೋಕ್ತ. ಆದರೆ ಮೆಂಬರು ಮೈಕನ್ನು ನುಂಗುವಷ್ಟು ಹತ್ತಿರ ನಿಂತು ‘ಪವನಪುತ್ರ’ ಎಂದು ಎತ್ತಿಕೊಂಡರೆ ಪುತ್ರನಿಗಿಂತ ಮುಂಚೆ ಪವನನೇ ಬಂದು ಧಬ್ ಎಂದು ಬಡಿಯುತ್ತಾನೆ. ಒಂದು ಗೇಣು ಹಿಂದೆ ಸರಿದು ಬಾಯನ್ನು ತುಸು ಓರೆ ಹಿಡಿದರೆ ಸಾಕಿತ್ತು. ಹೇಳುವವರು ಯಾರು? ಫ್ಯಾನ್ ನಿಲ್ಲಿಸಿದ್ದಕ್ಕೇ ಅವರು ಬೆವರಿ ಕೆಂಪಾಗಿದ್ದಾರೆ.

“ಶ್ರುತಿ ಒಸಿ ಜಾರ್ತೇನೋ?” ಎಂದು ಮೆಂಬರೇ ಅನುಮಾನಪಡುತ್ತಾರೆ.

“ಬುಡಿ ಗೌಡ್ರೆ, ಮಿಕ್ಸಿಂಗಲ್ಲಿ ನೋಡ್ಕೊಳವ.”

ತಾಳ ತಪ್ಪಲಿ, ಸಾಲು ಮರೆಯಲಿ, ಕೆಮ್ಮು ಬರಲಿ, ಉತ್ತರ ಇದೊಂದೇ. ಪರದೆಯ ಮೇಲೆ ಧ್ವನಿಯ ಮಟ್ಟ ಕೆಂಪಿಗೆ ಮುಟ್ಟಿದರೆ ಇವನಿಗೆ ಅದು ಮಂಗಳಾರತಿ. ಡಿಜಿಟಲ್ಲಿನಲ್ಲಿ ಸೊನ್ನೆ ಡೆಸಿಬಲ್ ದಾಟಿದ ಧ್ವನಿಯ ತಲೆ ಅಲ್ಲೇ ಕತ್ತರಿಸಿಹೋಗುತ್ತದೆ. ಆಮೇಲೆ ಯಾವ ಮಿಕ್ಸಿಂಗೂ ಅದನ್ನು ಮೊದಲಿನಂತೆ ಕೂಡಿಸಿಕೊಡುವುದಿಲ್ಲ. ಹತ್ತು ಹನ್ನೆರಡು ಡೆಸಿಬಲ್ ಕೆಳಗೇ ಇಟ್ಟುಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ. ಶ್ರುತಿಗಾದರೂ ಆಟೋ-ಟ್ಯೂನ್ ಇದೆ. 1997ರಲ್ಲಿ ಅದನ್ನು ತಂದ ಆಂಡಿ ಹಿಲ್ಡೆಬ್ರಾಂಡ್ ಎಂಬಾತ ಅದಕ್ಕೂ ಮುಂಚೆ ಭೂಮಿಯೊಳಗೆ ಕಂಪನ ಕಳಿಸಿ ತೈಲ ಹುಡುಕುವ ಲೆಕ್ಕದಲ್ಲಿ ಪಳಗಿದವನು. ನಮ್ಮ ಮೆಂಬರ ಕಂಠದೊಳಗೆ ಷಡ್ಜ ಹುಡುಕುವ ಹೊತ್ತಿಗೆ ಆ ಹಳೆಯ ಕಸುಬೇ ಮೇಲಿತ್ತೆಂದು ಅವನಿಗೂ ಅನ್ನಿಸಬೇಕು.

ಕಡೆಗೆ ಪ್ರಸಾದ ಬಂದೇ ಬರುತ್ತದೆ. “ಎಕೋ ಒಸಿ ಜಾಸ್ತಿ ಕೊಡಣ್ಣ, ದೇವ್ರ ಹಾಡು ಕನ!” ಒಂದು ಸದ್ದು ಮರಳಿ ಬೇರೆಯಾಗಿ ಕೇಳಬೇಕಾದರೆ ಎದುರಿನ ಗೋಡೆ ಸುಮಾರು 17 ಮೀಟರ್ ದೂರವಿರಬೇಕು. ಎಕೋ ಅಣ್ಣ ಹತ್ತಡಿ ಕೋಣೆಯಲ್ಲೇ ಗಗನಚುಕ್ಕಿಯ ಕಣಿವೆ ಕಟ್ಟಿಕೊಡುತ್ತಾನೆ. ಮುತ್ತತ್ತಿಯ ಕಥೆಯಂತೆ ಸೀತಮ್ಮನ ಮುತ್ತು ಹೊಳೆಗೆ ಬಿದ್ದ ಸಾಲಿಗಂತೂ ಗುಳುಗುಳು ನೀರಿನ ಸದ್ದು ಬೇರೆ, ಅದಕ್ಕೂ ಎಕೋ. ಮಾತು ಒಂದಕ್ಷರ ತಿಳಿಯದಿದ್ದರೂ ಮೆಂಬರು ಕೈಮುಗಿಯುತ್ತಾರೆ.

ಇವನ ಶಾಸ್ತ್ರ ತಲೆಕೆಳಗಾಗುವುದು ತಂಬೂರಿಯವರು ಬಂದಾಗ. ಈ ಮಳವಳ್ಳಿ ಸೀಮೆ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ನೆಲ. ಬೊಪ್ಪೇಗೌಡನಪುರದ ಗದ್ದುಗೆ ಇಲ್ಲೇ ಇದೆ. “ಮೊದ್ಲು ತಂಬೂರಿ ಬಾರಿಸ್ಬುಡಿ ತಾತ, ಹಾಡು ಆಮ್ಯಾಕೆ” ಎಂದರೆ ತಾತನಿಗೆ ಅರ್ಥವೇ ಆಗುವುದಿಲ್ಲ. ಹೆಗಲ ಮೇಲಿನ ತಂಬೂರಿ, ಕೈಯಲ್ಲಿ ಗಗ್ಗರ, ಬಾಯಲ್ಲಿ ಕಥೆ ಮೂರೂ ಒಂದೇ ಉಸಿರಿನವು. ತಾಳಕ್ಕೆಂದು ಹೆಡ್‌ಫೋನ್ ಹಾಕಿದರೆ ಕಿತ್ತಿಡುತ್ತಾರೆ: “ಇದ್ಯಾವನ್ಲಾ ಕಿವಿಯೊಳಗೆ ಟಿಕ್ಕು ಟಿಕ್ಕು ಅಂತ ಕುಟ್ತಾ ಅವ್ನೆ?” ಬೇರೆ ದಾರಿ ಕಾಣದೆ ಎಕೋ ಅಣ್ಣ ಒಂದೇ ಮೈಕನ್ನು ಎರಡು ಮೂರಡಿ ದೂರ ಇಡುತ್ತಾನೆ. ಗಗ್ಗರ ಚುಚ್ಚಿದರೆ ಪಕ್ಕಕ್ಕೆ, ತಂಬೂರಿ ಮುಳುಗಿದರೆ ಒಂದಿಂಚು ಕೆಳಕ್ಕೆ. ಕಣ್ಣುಮುಚ್ಚಿ ಕೇಳುತ್ತಾನೆ, ಮತ್ತೆ ಸರಿಸುತ್ತಾನೆ. ಅಂಥ ಹೊತ್ತಿನಲ್ಲಿ ನೋಡಬೇಕು ಅವನನ್ನು. ಅರ್ಧ ಗಂಟೆ ಬಾಯಲ್ಲಿ ಮಿಕ್ಸಿಂಗ್ ಎಂಬ ಶಬ್ದವೇ ಇಲ್ಲ. ಕಿವಿ ಚೆನ್ನಾಗಿಯೇ ಇದೆ, ಕೆಲಸ ಕೊಡುವುದು ಅಪರೂಪ. ತಾತ ಬಸ್ಸು ಹತ್ತಿದ ಮೇಲೆ ಅದಕ್ಕೂ ಎಕೋ ಸುರಿಯುತ್ತಾನೆ ಅನ್ನುವುದು ಬೇರೆ ಮಾತು.

ಅಂತಿಮ ಪರೀಕ್ಷೆ ಕಬ್ಬಿನ ಟ್ರ್ಯಾಕ್ಟರಿನಲ್ಲಿ. ಕಾರ್ಖಾನೆ ಮುಂದಿನ ಸಾಲಿನಲ್ಲಿ ನಿಂತ ಡ್ರೈವರು ಬೇಸು ಎದೆಗೆ ಗುದ್ದಿತೆಂದು ತಲೆಯಾಡಿಸಿದರೆ ಹಾಡು ಪಾಸು. ನಗಬೇಡಿ, ಇದು ಸರಿಯಾದ ಕ್ರಮ. ದೊಡ್ಡ ಸ್ಟುಡಿಯೋದವರೂ ಯಮಹಾ ಎನ್‌ಎಸ್-10 ಎಂಬ ಮನೆಬಳಕೆಯ ಸ್ಪೀಕರನ್ನು ಮುಂದಿಟ್ಟುಕೊಂಡೇ ವರ್ಷಗಟ್ಟಲೆ ಹಾಡು ತೂಗಿದ್ದಾರೆ. ಜನ ಎಲ್ಲಿ ಕೇಳುತ್ತಾರೋ ಅಲ್ಲಿ ಕೇಳಿ ನೋಡುವುದೇ ಜಾಣತನ.

ನಿಮಗೂ ಹಾಡು ಮಾಡಿಸುವ ಆಸೆಯಿದ್ದರೆ ಇವನ ಹತ್ತಿರವೇ ಹೋಗಿ. ಬೆಂಗಳೂರಿಗಿಂತ ಸೋವಿ, ಟೀ ಅವನದೇ ಖರ್ಚು. ಜಮಖಾನ ತೆಗೆಯಲು ಬಿಡಬೇಡಿ, ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ಎಕೋ ಇಲ್ಲದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡ ಮೇಲೆಯೇ ಬಾಕಿ ದುಡ್ಡು ಎಣಿಸಿ.