ಮಿರ್ಚಿ ಪಕ್ಕದ ಪಿನ್‌ಬಾಲ್

ದಾವಣಗೆರೆಯಲ್ಲಿ ಪಿನ್‌ಬಾಲ್, ಅಂದರೆ ಮಷೀನಿನ ಇಳಿಜಾರು ಹಲಗೆ ಮೇಲೆ ಗುಂಡು ಚಿಮ್ಮಿಸೋ ಆಟದ ಅಂಗಡಿ ಇಡೋಣ ಅಂತ ಹರಿಹರದ ಭಾವನ ಮುಂದೆ ಬಾಯಿಬಿಟ್ಟೆ. 'ಬೆಣ್ಣೆ ದೋಸೆ ಊರಾಗೆ ಕಬ್ಬಿಣದ ಗುಂಡು ಯಾಕಪ್ಪಾ?' ಅಂದರು. ಆದರೂ ಪೆನ್ನು ತೆಗೆದರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದ ಊರಿನವರು; ಸ್ಪ್ರಿಂಗು, ಬೋಲ್ಟು ಅಂದರೆ ಕಿವಿ ನೆಟ್ಟಗಾಗುತ್ತೆ.

ಗುಂಡು ಸುಮಾರು 80 ಗ್ರಾಂ, ಹಲಗೆಯ ಇಳಿಜಾರು ಆರೂವರೆ ಡಿಗ್ರಿ. 'ನಮ್ಮ ಗೋಡೌನಿನ ನೆಲವೇ ಅಷ್ಟು ವಾಲೈತಿ, ಇನ್ನೇನು ಬೇಕು?' ಎಂದು ತೀರ್ಪಿತ್ತರು.

ತೊಡಕು ಬಂದದ್ದು ಟಿಲ್ಟ್‌ನಲ್ಲಿ. ಮಷೀನನ್ನು ಜೋರಾಗಿ ಅಲ್ಲಾಡಿಸಿದರೆ ಒಳಗೆ ತೂಗುವ ಲೋಲಕ ಸುತ್ತಲಿನ ಬಳೆಗೆ ತಗುಲಿ, ಆ ಗುಂಡಿನ ಆಟ ಬಂದ್. ನಮ್ಮ ಜನವೋ ಗ್ಯಾಸ್ ಸಿಲಿಂಡರನ್ನೂ ಅಲ್ಲಾಡಿಸಿಯೇ ನೋಡುವವರು, ರಿಮೋಟಿಗೆ ಎರಡು ಬಾರಿಸಿಯೇ ಚಾನೆಲ್ ಬದಲಿಸುವವರು!

ಪಿನ್‌ಬಾಲ್ ಜೂಜೆಂದು ನ್ಯೂಯಾರ್ಕಿನಲ್ಲಿ 1942ರಿಂದ 1976ರವರೆಗೆ ನಿಷೇಧವಿತ್ತು ಎಂದೆ. 'ಅವರನ್ನ ಒಪ್ಪಿಸೋಕೇ 34 ವರ್ಷ. ನಿಮ್ಮಕ್ಕನ್ನ ಒಪ್ಪಿಸೋದು ಯಾವಾಗ?' ಎಂದರು ಭಾವ.

ಮಂಡಕ್ಕಿ-ಮಿರ್ಚಿ ತಿಂದ ಎಣ್ಣೆ ಕೈಗೆ, ಗುಂಡನ್ನು ಮೇಲಕ್ಕೆ ಚಿಮ್ಮಿಸುವ ಫ್ಲಿಪ್ಪರ್‌ನ ಗುಂಡಿ ಜಾರುವುದೆಂಬ ಚಿಂತೆ ಬೇರೆ. ಕೊನೆಗೆ ಭಾವನ ಪ್ಲಾನು ಹೀಗೆ ಅಂತಿಮವಾಯಿತು: ಮಿರ್ಚಿಗೆ ಎಂಟು ಟೇಬಲ್, ಕೈ ತೊಳೆಯಲು ಎರಡು ನಲ್ಲಿ, ಮೂಲೆಯಲ್ಲಿ ಒಂದೇ ಮಷೀನು. ಅದೂ ಮಿರ್ಚಿ ಕರಿಯುವ ತನಕ ಗಿರಾಕಿ ಎದ್ದು ಹೋಗದಿರಲೆಂದು!