ಮಾಸ್ತಿ ಸೀಮೆಯ ಅಮಲು

ಅಮಲಿಗೆ ಹೆಂಡದಂಗಡಿಯೇ ಬೇಕೆಂದಿಲ್ಲ. ಕೊಳೆತ ಮಾವಿನಹಣ್ಣು ಸಾಕು. ಮಾಸ್ತಿಯಿರುವ ಕೋಲಾರ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಶ್ರೀನಿವಾಸಪುರದ ತೋಪುಗಳಲ್ಲಿ ಉದುರಿದ ಹಣ್ಣಿನ ಸಿಪ್ಪೆ ಬಿರಿದಲ್ಲಿ ಯೀಸ್ಟ್ ಹೊಕ್ಕು ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಹುಳಿ ವಾಸನೆ ಹೊರಟ ಕೂಡಲೇ ಹಣ್ಣುನೊಣ ಹಾಜರ್. ಹುಳುವಾಗಿದ್ದಾಗ ಮಾವಿನೆಲೆ ತಿಂದು ಬೆಳೆದ ಬ್ಯಾರನ್ ಚಿಟ್ಟೆ, ರೆಕ್ಕೆ ಬಂದ ಮೇಲೆ ಅದೇ ಮರದ ಕೊಳೆತ ಹಣ್ಣಿಗೆ ಬಾಯಿಟ್ಟು ಕೂರುತ್ತದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಹೆಣ್ಣು ಒಲ್ಲೆನೆಂದ ಗಂಡುನೊಣಗಳು ಮದ್ಯ ಬೆರೆತ ಆಹಾರವನ್ನೇ ಹೆಚ್ಚು ಹೀರಿದವು. ದೇವದಾಸನಾಗಲು ಆರು ಕಾಲಿದ್ದರೂ ಅಡ್ಡಿಯಿಲ್ಲ.

ಬೆಕ್ಕಿನ ದಾರಿ ಬೇರೆ. ತಿಪ್ಪೆಯ ಪಕ್ಕದ ಕುಪ್ಪಿಗಿಡವನ್ನು ಬೇರುಸಮೇತ ಕಿತ್ತುಹಾಕಿದರೆ, ಗಂಭೀರವಾಗಿ ಹೋಗುತ್ತಿದ್ದ ಬೆಕ್ಕು ನಿಂತು, ಮೂಸಿ, ಕೆನ್ನೆ ಉಜ್ಜಿ, ಮಣ್ಣಲ್ಲಿ ಹೊರಳಾಡುತ್ತದೆ. ಆಮೇಲೆ ಎದ್ದು ಮೈ ನೆಕ್ಕಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಹೊರಟುಹೋಗುತ್ತದೆ. ಈ ಕಲೆ ಮನುಷ್ಯರಿಗೆಲ್ಲ ಒಲಿದಿಲ್ಲ.

ಬಿದ್ದ ಹಣ್ಣು ತಿಂದು ಆನೆ ತೂರಾಡುತ್ತದೆಂಬ ಆಫ್ರಿಕಾದ ಕಥೆಯನ್ನು 2006ರಲ್ಲಿ ಲೆಕ್ಕ ಹಾಕಿ ನೋಡಿದ ಜೀವವಿಜ್ಞಾನಿಗಳು ನಂಬಲಿಲ್ಲ. ಅಷ್ಟು ದೊಡ್ಡ ಮೈಗೆ ಹಣ್ಣಿನ ಮದ್ಯ ಯಾವ ಮೂಲೆಗೂ ಸಾಲದು. ಹೊಸೂರು ಕಡೆಯಿಂದ ಬಂದು ಮಾಲೂರಿನ ರಾಗಿ ಹೊಲಕ್ಕೆ ನುಗ್ಗುವ ಆನೆಯೂ ಪೂರ್ಣ ಎಚ್ಚರದಲ್ಲೇ ನುಗ್ಗುತ್ತದೆ.

ಮನುಷ್ಯನಿಗೆ ಅಮಲಿನ ವಿದ್ಯೆ ಹಳೆಯದು. ನೆಲಕ್ಕೆ ಬಿದ್ದ ಹಣ್ಣು ಹೆಕ್ಕುತ್ತಿದ್ದ ಅವನ ಪೂರ್ವಜರಲ್ಲಿ, ಸುಮಾರು 1 ಕೋಟಿ ವರ್ಷಗಳ ಹಿಂದೆ, ಮದ್ಯ ಒಡೆಯುವ ಕಿಣ್ವವೊಂದು 40 ಪಟ್ಟು ಚುರುಕಾಯಿತು. ಈ ಸೀಮೆಯಲ್ಲಿ ಹಣ್ಣಿನ ಕೆಲಸವನ್ನು ಈಚಲುಮರ ವಹಿಸಿಕೊಂಡಿತು. ಸಂಜೆ ಕೆತ್ತಿ ಮಡಕೆ ಕಟ್ಟಿದರೆ ಬೆಳಗಿಗೆ ಸಿಹಿ ರಸ. ಬಿಸಿಲೇರಿದಂತೆ ನೊರೆಯುಕ್ಕುವ ಹೆಂಡ. ಇಳಿಸುವವನು ಮರ ಹತ್ತುವ ಮೊದಲೇ ಬಾವಲಿ ರುಚಿ ನೋಡಿರುತ್ತಿತ್ತು. ಸರ್ಕಾರ ಹೆಂಡ ನಿಲ್ಲಿಸಿತು, 2007ರ ಜುಲೈನಲ್ಲಿ ಸಾರಾಯಿಯನ್ನೂ ನಿಲ್ಲಿಸಿತು. ಬಯಕೆ ಬಾಟಲಿಯ ಕಡೆ ತಿರುಗಿತು.

ಕುಡಿಯದ ಮನೆಗಳೂ ಹೊರತಲ್ಲ. ಬೆಳಗಿನ ಕಾಫಿ ತುಸು ತಡವಾದರೆ ಯಜಮಾನರ ತಲೆ ಸಿಡಿಯುತ್ತದೆ. ಅದನ್ನು ಚಟವೆನ್ನುವ ಪದ್ಧತಿಯಿಲ್ಲ. ಅಜ್ಜಿಯ ಎಲೆಅಡಿಕೆಯೊಳಗಿನ ಹೊಗೆಸೊಪ್ಪು ಹಲ್ಲುನೋವಿಗೆ, ತಾತನ ನಸ್ಯ ನೆಗಡಿಗೆ. ಚಟವೆಂಬುದು ಯಾವಾಗಲೂ ಪಕ್ಕದ ಮನೆಯಲ್ಲಿರುತ್ತದೆ.

ಹಸಿವು, ಬಾಯಾರಿಕೆ, ಕಾಮದ ನಂತರ ಅಮಲೇ ನಾಲ್ಕನೆಯ ಸಹಜ ಪ್ರವೃತ್ತಿಯೆಂದು ಅಮೆರಿಕದ ಮನೋವಿಜ್ಞಾನಿ ರೊನಾಲ್ಡ್ ಸೀಗಲ್ 1989ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ. ಆದರೂ ಹಾಲುಹಲ್ಲಿನ ಮಕ್ಕಳು ಕೈ ಚಾಚಿ ಗಿರಗಿರನೆ ಸುತ್ತಿ, ತಲೆ ತಿರುಗಿ ದೊಪ್ಪೆಂದು ಬಿದ್ದು, ನಕ್ಕು, ಎದ್ದು ಮತ್ತೆ ಸುತ್ತುತ್ತಾರೆ. ಅಬಕಾರಿ ಇಲಾಖೆಗೆ ಇದರಿಂದ ಕಾಸಿನ ವರಮಾನವಿಲ್ಲ.